ಓನರ್ ಮಿಸ್ಸಿಗೊಂದು ಬಾಡಿಗೆ ಮನೆ

ಕಳೆದ ಭಾನುವಾರ ನಮ್ಮ ಮನೆಯವರು ಸ್ಟೂಲು ಹತ್ತಿ ನಡುಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಅಡುಗೆಮನೆಯಲ್ಲಿದ್ದ ನನಗೆ ಸುತ್ತಿಗೆಯ ಸದ್ದು ಕೇಳಿತು. ಸೌಟು ಹಿಡಿದುಕೊಂಡೇ ಓಡಿ ಬಂದು, "ಕೇಳೀರೇನ್ರೀ?" ಎಂದೆ.

"ಯಾರನ್ನ?" ಎಂದರು, ಇನ್ನೊಂದು ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡೇ.

ಸರಿಯಾದ ಪ್ರಶ್ನೆಯೇ. ಈ ಮನೆ ನಮ್ಮದು. ಕಂದಾಯ ನಮ್ಮ ಹೆಸರಿನಲ್ಲೇ ಕಟ್ಟುತ್ತೇವೆ. ಆದರೂ ಗೋಡೆಗೆ ಮೊಳೆ ಬಿದ್ದರೆ ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆ ಎಂದು ನನ್ನ ಕಿವಿ ಕಾಯುತ್ತದೆ.

ಬಹಳ ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವರಿಗೆ ಇಂಥ ಅಭ್ಯಾಸಗಳು ಸುಲಭಕ್ಕೆ ಬಿಡುವುದಿಲ್ಲ. ಕುರ್ಚಿಯನ್ನು ಎಳೆಯದೆ ಎತ್ತಿ ಇಡುವುದು, ನೆಂಟರು ಜೋರಾಗಿ ನಕ್ಕರೆ ಕೆಳಗಿನ ಮನೆಯ ಕಡೆ ಕಿವಿ ಕೊಡುವುದು, ನಲ್ಲಿಯಲ್ಲಿ ನೀರು ನಿಂತರೆ ನಾನೇ ಹೆಚ್ಚು ಸುರಿದುಬಿಟ್ಟೆನೇ ಎಂದು ಹೆದರುವುದು. ನೀವೂ ಬಾಡಿಗೆಗೆ ಇದ್ದವರಾದರೆ ಈಗ ಸಣ್ಣಗೆ ನಕ್ಕಿರುತ್ತೀರಿ. ಸ್ವಂತ ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ಈ ಮಾತು ಅರ್ಥವಾಗಲು ಸ್ವಲ್ಪ ಸಮಯ ಹಿಡಿಯುತ್ತದೆ. ನನಗೂ ಹಿಡಿದಿತ್ತು.

ನಾನು ಬೆಳೆದದ್ದು ಗದಗಿನ ಹತ್ತಿರದ ಒಂದು ಊರಿನಲ್ಲಿ, ಮಣ್ಣಿನ ದಪ್ಪ ಗೋಡೆಗಳ ಮನೆಯಲ್ಲಿ. ಆ ಗೋಡೆಗಳಲ್ಲಿ ಮೊಳೆ, ಗೂಟ ಇಲ್ಲದ ಜಾಗವೇ ಇರಲಿಲ್ಲ. ಅಜ್ಜನ ರುಮಾಲಿಗೆ ಒಂದು, ಕೊಡೆಗೆ ಒಂದು, ಲಾಟೀನಿಗೆ ಒಂದು, ಹಿಟ್ಟಿನ ಸಾಣಿಗೆಗೆ ಇನ್ನೊಂದು. ಮನೆಯ ಮಗುವೊಂದು ಶಾಲೆಗೆ ಸೇರಿತೆಂದರೆ ಅಪ್ಪ ಅದರ ಎತ್ತರಕ್ಕೆ ಸರಿಯಾಗಿ ಪಾಟಿಚೀಲಕ್ಕೊಂದು ಮೊಳೆ ಹೊಡೆಯುತ್ತಿದ್ದ. ನನ್ನ ಮೊಳೆ ಪಡಸಾಲೆಯ ಕಿಟಕಿಯ ಪಕ್ಕದಲ್ಲಿತ್ತು. ನಾನು ಎತ್ತರವಾದ ಮೇಲೂ ಅದು ಅಲ್ಲೇ ಉಳಿದು, ಹೋಗಿ ಬರುವವರ ಅಂಗಿ ಹರಿಯುತ್ತಿತ್ತು. ಕೀಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅಂಥ ಮನೆಯಿಂದ ಮದುವೆಯಾಗಿ ನೇರವಾಗಿ ಬಂದು ಇಳಿದದ್ದು ಪದ್ಮನಾಭನಗರದ ಕಾತ್ಯಾಯಿನಿ ಮಿಸ್ ಅವರ ಮಹಡಿ ಮನೆಗೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಮನೆಯವರು ಬಿಟಿಎಂ ಲೇಔಟಿನಲ್ಲಿ ಔಷಧಿ ಸರಬರಾಜು ಮಾಡುವ ಒಂದು ಆಫೀಸಿನಲ್ಲಿದ್ದರು. ನಾನು ಬಂದ ಮೇಲೆ ಜಯನಗರದ ಒಂದು ಕಣ್ಣಾಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದೆ. ನಾನು ಪ್ರೀತಿಯಿಂದಲೇ "ಯಾರ್ರೀ? ಏನಾಗೇತ್ರಿ ಕಣ್ಣಿಗೆ?" ಎಂದು ಕೇಳಿದರೆ ಆ ಕಡೆಯವರು ಬೈದರೆಂದು ತಿಳಿದು ಫೋನ್ ಇಟ್ಟುಬಿಡುತ್ತಿದ್ದರು. ಡಾಕ್ಟರು ಒಂದು ದಿನ ಕರೆದು, "ಶಾಂತಾ, ಸ್ವಲ್ಪ ಮೆತ್ತಗೆ ಮಾತಾಡಮ್ಮ, ಪೇಷೆಂಟ್ಸ್ ಹೆದರ್ಕೊತಾರೆ" ಎಂದಿದ್ದರು. ಮನೆಯಲ್ಲಿ ನಾವಿಬ್ಬರು, ಜೊತೆಗೆ ನಮ್ಮ ಅತ್ತೆ. ಅತ್ತೆಯವರಿಗೆ ಯಾರೂ ಮೆತ್ತಗೆ ಮಾತಾಡು ಎಂದು ಹೇಳುವ ಧೈರ್ಯ ಮಾಡಿರಲಿಲ್ಲ.

ಕೆಳಗೆ ಓನರು, ಮೇಲೆ ನಾವು. ಓನರು ಎಂದರೆ ಕಾತ್ಯಾಯಿನಿ ಮಿಸ್. ಐವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡು, ಅಪ್ಪ ಕಟ್ಟಿಸಿದ ಆ ಮನೆಯಲ್ಲಿ ಒಬ್ಬರೇ ಇದ್ದು, ಮುಂದಿನ ಹಾಲ್‌ನಲ್ಲಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಿದ್ದರು. ಹಾಲ್‌ನ ಒಂದು ಗೋಡೆಗೆ ಕಪ್ಪು ಬಣ್ಣ ಬಳಿದು ಅದನ್ನೇ ಬೋರ್ಡು ಮಾಡಿಕೊಂಡಿದ್ದರು. ಬಲಗೈ ಬೆರಳುಗಳಲ್ಲಿ ಸದಾ ಸೀಮೆಸುಣ್ಣ. ಹಾಲಿನವನು, ತರಕಾರಿ ಗಾಡಿಯವನು, ಪಕ್ಕದ ಮನೆಯ ತಾತ, ಎಲ್ಲರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. ಅತ್ತೆಗೆ ಅದು ಸಾಲದೆ ಮಿಸ್ಸವ್ವ ಎಂದರು.

ಮನೆಗೆ ಬಂದ ಮೊದಲ ದಿನವೇ ಮಿಸ್ ನಮ್ಮನ್ನು ನಿಲ್ಲಿಸಿಕೊಂಡು ಡಿಕ್ಟೇಶನ್ ಕೊಡುವಂತೆ ಹೇಳಿದ್ದರು. "ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಮೋಟರ್ ನಾನೇ ಹಾಕ್ತೀನಿ, ನಾನೇ ಆಫ್ ಮಾಡ್ತೀನಿ. ಬಟ್ಟೆ ಹಿಂಡಿ ಒಣಗ್ಹಾಕಬೇಕು, ಕೆಳಗೆ ಮಕ್ಕಳ ಪುಸ್ತಕದ ಮೇಲೆ ನೀರು ಬೀಳುತ್ತೆ. ಗೇಟು ಹಾಕ್ದಾಗ ಸದ್ದಾಗಬಾರದು. ಅರ್ಥ ಆಯ್ತಾ?" ಅರ್ಥವಾಯಿತು ಎಂದು ನಾವು ಒಟ್ಟಿಗೆ ತಲೆಯಾಡಿಸಿದೆವು.

ಮರುದಿನವೇ ಅವರು ಮೆಟ್ಟಿಲು ಹತ್ತಿ ಬಂದರು. "ಮೇಲೆ ಏನಾದ್ರೂ ರಿಪೇರಿ ನಡೀತಿದ್ಯಾ? ನಮ್ಮನೆ ಫ್ಯಾನ್ ಅಲ್ಲಾಡ್ತಿದೆ."

ಅತ್ತೆ ನೆಲದ ಮೇಲೆ ಹಿಟ್ಟು ನಾದುವ ಮರದ ಕೊಣಮಿಗೆ ಇಟ್ಟುಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದರು. ತಲೆಯೆತ್ತದೆಯೇ, "ರೊಟ್ಟಿ ಬಡ್ಯಾಕತ್ತೇನವ್ವಾ. ಬಾ, ಕುಂದ್ರು. ಬಿಸೀದು ತಿನ್ನು" ಎಂದರು. ಬೈಯಲು ಬಂದವರು ಕೂತೇಬಿಟ್ಟರು. ಶೇಂಗಾ ಚಟ್ನಿಪುಡಿ, ಮೊಸರು, ಎಣ್ಣೆಗಾಯಿ. ಒಂದು ರೊಟ್ಟಿ ಮುಗಿದು ಇನ್ನೊಂದರ ಅರ್ಧಕ್ಕೆ ಬಂದಾಗ ಮಿಸ್, "ಟ್ಯೂಷನ್ ಶುರು ಆಗೋ ಮುಂಚೆ ಮುಗಿಸ್ಕೊಂಡ್ರೆ ಸಾಕು" ಎಂದರು. ಅತ್ತೆಗೆ ಮುಂಚೆ ಮುಗಿಸಲು ಆಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಕೆಳಗಿನ ಮಕ್ಕಳು ಮೇಲಿನ ಬಡಿತಕ್ಕೆ ಸರಿಯಾಗಿ ಮಗ್ಗಿ ಹೇಳತೊಡಗಿದರು. ಅತ್ತೆ ರೊಟ್ಟಿ ತಿರುವಿ ಹಾಕಲು ನಿಲ್ಲಿಸಿದರೆ ಹದಿಮೂರರ ಮಗ್ಗಿಯೂ ಅರ್ಧಕ್ಕೆ ನಿಲ್ಲುತ್ತಿತ್ತು.

ಹೀಗೆ ಎರಡು ವರ್ಷ ನಡೆಯಿತು. ನಾನು ಬಸುರಿಯಾದೆ. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಬಾಣಂತನ ಎಲ್ಲ ಇಲ್ಲೇ, ಅತ್ತೆಯ ಕೈಯಲ್ಲೇ ಎಂದು ತೀರ್ಮಾನವಾಗಿತ್ತು. ಬಾಣಂತಿಯ ಮಂಚ ಯಾವ ಮೂಲೆಯಲ್ಲಿ, ತೊಟ್ಟಿಲು ಯಾವ ಕೊಂಡಿಗೆ ಎಂದು ಅತ್ತೆ ಆಗಲೇ ಜಾಗ ಗೊತ್ತು ಮಾಡಿದ್ದರು. ಅಂಥ ಒಂದು ಸಂಜೆ ಮಿಸ್ ಮೇಲೆ ಬಂದು, ಯಾರೂ ಹೇಳದೆಯೇ ಕೂತರು. ಅದೇ ನಮಗೆ ವಿಚಿತ್ರವಾಗಿ ಕಂಡಿತು.

"ಒಂದ್ ವಿಷ್ಯ ಹೇಳ್ಬೇಕು" ಎಂದರು. "ಈ ಮನೆ ಮಾರ್ತಾ ಇದೀವಿ."

ಅವರೇ ಮುಂದುವರಿಸಿದರು. "ಅಪ್ಪನ ಹೆಸರಲ್ಲಿ ಇದ್ದಿದ್ದು. ಅಣ್ಣಂದಿರಿಬ್ರು, ಅಕ್ಕ, ನಾನು, ಎಲ್ಲರಿಗೂ ಸೇರಬೇಕು. ಅಣ್ಣನ ಮಗಳ ಮದುವೆ ಇದೆ. ಅಕ್ಕ ಮನೆ ಕಟ್ಟೋಕೆ ಶುರು ಮಾಡಿ ಅರ್ಧಕ್ಕೆ ನಿಂತಿದೆ. ಅವ್ರು ಕೇಳೋದ್ರಲ್ಲಿ ತಪ್ಪಿಲ್ಲ. ನಾನೂ ಒಪ್ಕೊಂಡೆ."

ನನಗೆ ಆ ಕ್ಷಣ ಹೊಳೆದದ್ದು ಒಂದೇ. ತೊಟ್ಟಿಲಿನ ಕೊಂಡಿ. ಅತ್ತೆ ಸೆರಗಿನ ತುದಿ ಹಿಡಿದು, "ಬಸುರಿದ್ದಾಗ ಮನಿ ಬದಲ ಮಾಡಬಾರದವ್ವಾ" ಎಂದರು. ನಮ್ಮ ಮನೆಯವರು ಮಾತ್ರ ನಮ್ಮಿಬ್ಬರಿಗೂ ತೋಚದ್ದನ್ನು ಕೇಳಿದರು. "ಮತ್ತ ನೀವು ಎಲ್ಲಿಗೆ ಹೋಗ್ತೀರಿ ಮಿಸ್?"

ಮಿಸ್ ಬೆರಳಿಗೆ ಅಂಟಿದ್ದ ಸೀಮೆಸುಣ್ಣ ಉಜ್ಜಿಕೊಂಡರು. "ಅಣ್ಣ ಮೈಸೂರಿಗೆ ಬಾ ಅಂತಾನೆ. ಮೂರು ಜನದ ಮನೇಲೂ ನಾಲ್ಕ್ ನಾಲ್ಕ್ ತಿಂಗಳು ಇರಬಹುದಂತೆ."

"ಹೋಗ್ತೀರೇನು?"

"ಮಕ್ಕಳನ್ನ ವರ್ಷದ ಮಧ್ಯೆ ಬಿಟ್ಟು ಹೋಗೋಕಾಗುತ್ತಾ? ನನ್ನ ಪಾಲಿಗೆ ಬರೋದ್ರಲ್ಲಿ ಈ ಏರಿಯಾದಲ್ಲಿ ಒಂದು ಬಾತ್‌ರೂಮು ಕೊಳ್ಳಬಹುದೇನೋ. ಬಾಡಿಗೆ ಮನೆ ನೋಡ್ಬೇಕು." ಆಮೇಲೆ ನನ್ನ ಕಡೆ ತಿರುಗಿ, ಚಿಕ್ಕ ಹುಡುಗಿಯಂತೆ ಕೇಳಿದರು. "ಶಾಂತಾ, ಬಾಡಿಗೆ ಮನೆ ಹೇಗೆ ಹುಡುಕ್ತಾರೆ?"

ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಭಾನುವಾರಗಳ ಬಗ್ಗೆ ಹೇಳಬೇಕು. ಮನೆ ಮಾರಾಟಕ್ಕಿದೆ ಎಂದು ಗೊತ್ತಾದದ್ದೇ ನಮ್ಮ ಭಾನುವಾರಗಳು ನಮ್ಮ ಕೈತಪ್ಪಿ ಹೋದವು. ಬೆಳಗಿನಿಂದ ಕೊಳ್ಳುವವರು ಬರುವರು. ನಾವು ತಿಂಡಿ ತಿನ್ನುತ್ತಿರುವಾಗಲೇ ಬಚ್ಚಲ ಬಾಗಿಲು ತೆರೆದು ನೋಡುವರು. ಒಬ್ಬರು ದಿಕ್ಸೂಚಿ ತಂದು ನನ್ನ ದೋಸೆಯ ಹೆಂಚಿನ ಮುಂದೆ ಹಿಡಿದು ತಲೆ ಅಲ್ಲಾಡಿಸಿದರು. ಒಬ್ಬ ಹೆಂಗಸು ಅಡುಗೆಮನೆಯ ನಡುವೆ ನಿಂತು, ನಾನಲ್ಲಿ ಇಲ್ಲವೇ ಇಲ್ಲವೆಂಬಂತೆ, "ಇದನ್ನೆಲ್ಲ ಒಡೆದು ಹಾಕ್ಬೇಕು ಕಣ್ರೀ" ಎಂದು ಗಂಡನಿಗೆ ಹೇಳಿದಳು. ನಾನು ಎರಡು ವರ್ಷ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ ಕಟ್ಟೆ ಅದು. ಅತ್ತೆಗೆ ಬಂದವರೆಲ್ಲ ನೆಂಟರೇ. "ಚಾ ಕುಡೀರಿ, ಆಮ್ಯಾಲ ಒಡೀರಂತ" ಎಂದು ಲೋಟ ಕೊಟ್ಟರು. ಆಕೆ ಚಹಾ ಕುಡಿದು ಹೋದಳು, ಮತ್ತೆ ಬರಲಿಲ್ಲ.

ಇನ್ನೊಬ್ಬರು ಮಿಸ್ಸನ್ನು ನಮ್ಮೆದುರೇ, "ಟೆನೆಂಟ್ಸು ಖಾಲಿ ಮಾಡ್ತಾರಾ? ಗಲಾಟೆ ಗಿಲಾಟೆ ಏನಿಲ್ಲ ತಾನೆ?" ಎಂದು ಕೇಳಿದರು. ಮಿಸ್ ಕೆಂಪಾಗಿ, "ಅವರು ಗಲಾಟೆ ಮಾಡೋ ಜನ ಅಲ್ಲ" ಎಂದರು. ಆ ವಾರವೇ ನಮ್ಮ ಮನೆಯವರ ಆಫೀಸಿನ ಗೆಳೆಯರೊಬ್ಬರು, "ಸುಮ್ಮನೆ ಬಿಟ್ಟು ಹೋಗಬ್ಯಾಡ್ರಿ, ಗಟ್ಟಿಯಾಗಿ ಕುಂತ್ರ ಓನರೇ ಏನಾರ ಕೊಟ್ಟು ಕಳಸ್ತಾರ" ಎಂದು ಬುದ್ಧಿ ಹೇಳಿದ್ದರು. ನಮ್ಮ ಮನೆಯವರು ಅದನ್ನು ಊಟಕ್ಕೆ ಕೂತಾಗ ಹೇಳಿದರು. ಅತ್ತೆ ಅವರ ತಟ್ಟೆಗೆ ಸಾರು ಬಡಿಸುತ್ತ, "ಈರಣ್ಣ, ಆ ಗೆಳ್ಯಾನ್ನ ಮನಿಗೆ ಕರಕೊಂಡು ಬರಬ್ಯಾಡ" ಎಂದಷ್ಟೇ ಅಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಕೊನೆಗೊಬ್ಬರಿಗೆ ಮನೆ ಒಪ್ಪಿತು. ದೀಪಾವಳಿ ಕಳೆದ ಮೇಲೆ ಬಿಟ್ಟುಕೊಡಬೇಕೆಂದು ಮಾತಾಯಿತು. ನನಗೆ ಆಗ ಆರನೆಯ ತಿಂಗಳು. ಹುಡುಕಬೇಕಾದದ್ದು ಎರಡು ಮನೆ. ಮಿಸ್ ಮತ್ತು ನಾನು ಒಟ್ಟಿಗೇ ಹೊರಟೆವು.

ಬಾಡಿಗೆ ಮನೆ ಹುಡುಕುವುದರಲ್ಲಿ ನಾನು ಪಂಡಿತೆಯೆಂದು ನನಗೆ ಆಗ ಭಾರೀ ನಂಬಿಕೆ. ನಾನೇ ಹುಡುಕಿದ ಮನೆ ಒಂದೂ ಇರಲಿಲ್ಲ, ಪದ್ಮನಾಭನಗರದ್ದನ್ನೂ ನಮ್ಮ ಮನೆಯವರೇ ಹುಡುಕಿದ್ದು, ಆ ಮಾತು ಬೇರೆ. ಜೀವನದಲ್ಲಿ ಮೊದಲ ಸಲ ಮಿಸ್ ನನ್ನ ಶಿಷ್ಯೆಯಾಗಿದ್ದರು, ಬಿಡಲಾದೀತೇ? ಆಟೋದಲ್ಲಿ ಪಾಠ ಶುರು ಮಾಡಿದೆ. "ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ ಮಿಸ್. ಟ್ಯೂಷನ್ ಅಂತ ಬಾಯಿ ಬಿಡಬ್ಯಾಡ್ರಿ. ಮನಿ ಚಂದ ಐತಿ ಅಂತ ಮೊದಲ ಹೇಳಬ್ಯಾಡ್ರಿ, ಬಾಡಿಗಿ ಏರಸ್ತಾರ. ನೀರಿನ ವಿಷಯ ಓನರ್ನ ಕೇಳಬ್ಯಾಡ್ರಿ, ಪಕ್ಕದ ಮನಿಯವರನ್ನ ಕೇಳ್ರಿ." ಮಿಸ್ ಗಂಭೀರವಾಗಿ ಕೇಳಿಕೊಂಡು, ತುಟಿಯೊಳಗೇ ಒಂದು ಸಲ ಎಲ್ಲವನ್ನೂ ಹೇಳಿಕೊಂಡರು.

ಜೆಪಿ ನಗರದ ಮೊದಲ ಮನೆಯಲ್ಲಿ ಆ ಪಾಠ ಉಪಯೋಗಕ್ಕೇ ಬರಲಿಲ್ಲ. ಗ್ರಿಲ್ಲಿನ ಹಿಂದಿನಿಂದ ಒಬ್ಬ ಹೆಂಗಸು, "ಎಷ್ಟ್ ಜನ?" ಎಂದಳು.

"ನಾನೊಬ್ಳೇ" ಎಂದರು ಮಿಸ್.

"ಯಜಮಾನ್ರು?"

"ಮದುವೆ ಆಗಿಲ್ಲ."

"ಒಂಟಿ ಲೇಡೀಸ್‌ಗೆ ಕೊಡಲ್ಲಮ್ಮ ನಾವು." ಗ್ರಿಲ್ಲು ತೆರೆಯಲೇ ಇಲ್ಲ. ಅಷ್ಟು ಹೊತ್ತೂ ಬಿಸಿಲಿನಲ್ಲಿ ಗೇಟಿನ ಹತ್ತಿರ ನಿಂತಿದ್ದ ಮಿಸ್, ರಸ್ತೆಯ ತಿರುವಿನವರೆಗೆ ನಡೆದರು. ಆಮೇಲೆ, "ಶಾಂತಾ, ನೀವು ಬಂದಾಗ ನಾನೂ ಹೀಗೇ ಗೇಟ್ ಹತ್ರ ನಿಲ್ಲಿಸಿದ್ನಾ?" ಎಂದರು.

ನಿಲ್ಲಿಸಿದ್ದರು. ಸಾಮಾನಿನ ಟೆಂಪೋ ಹಿಂದೆ ನಿಂತು ಹಾರ್ನ್ ಮಾಡುವವರೆಗೂ ನಿಲ್ಲಿಸಿದ್ದರು. "ನೀವು ನೀರು ಕೊಟ್ಟಿದ್ರಿ ಮಿಸ್" ಎಂದೆ. ಅದೂ ನಿಜವೇ. ಅತ್ತೆ ಕೇಳಿದ ಮೇಲೆ ಕೊಟ್ಟಿದ್ದರು.

ಬನಶಂಕರಿಯ ಮನೆಯಲ್ಲಿ ಎಲ್ಲ ಸರಿಯಾಗಿ ಸಾಗುತ್ತಿತ್ತು. ಓನರು ನಮ್ಮನ್ನು ಒಳಗೆ ಕೂರಿಸಿದರು, ಅವರ ಹೆಂಡತಿ ಕಾಫಿಯನ್ನೂ ತಂದಿಟ್ಟರು. ಮಿಸ್ ಪಾಠ ಒಪ್ಪಿಸಿದಂತೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಅಷ್ಟರಲ್ಲಿ ನನಗೆ ಕಂಡಿತು, ಅವರ ಕಣ್ಣು ಓನರ ಮೇಲಿಲ್ಲ. ಸೋಫಾದ ಆ ತುದಿಯಲ್ಲಿ ಓನರ ಮಗಳು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು. ಮಿಸ್ ತಡೆದುಕೊಂಡರು. ಕಾಫಿ ಲೋಟ ಎತ್ತಿದರು, ಇಳಿಸಿದರು. ನಾನು ಅವರ ಸೀರೆಯ ತುದಿ ಎಳೆದೆ. ಉಪಯೋಗವಾಗಲಿಲ್ಲ.

"ಪುಟ್ಟಿ, ಅಲ್ಲಿ ಮೈನಸ್ಸು. ಬ್ರ್ಯಾಕೆಟ್ ಬಿಡಿಸ್ದಾಗ ಚಿಹ್ನೆ ಬದಲಾಗ್ಬೇಕು ಅಲ್ವಾ?"

"ಓ, ನೀವು ಟೀಚರ್ರಾ?" ಎಂದರು ಓನರು ಸಂತೋಷದಿಂದ. ಮರುಕ್ಷಣ ಸಂತೋಷ ಸ್ವಲ್ಪ ಕಡಿಮೆಯಾಯಿತು. "ಟ್ಯೂಷನ್ ಏನಾದ್ರೂ ಮಾಡ್ತೀರಾ?"

"ಹೌದು" ಎಂದರು ಮಿಸ್, ಹಾಜರಿ ಕೂಗಿದಾಗ ಎದ್ದು ನಿಲ್ಲುವ ಮಗುವಿನಂತೆ. "ಇಪ್ಪತ್ತು ಮಕ್ಕಳು ಬರ್ತಾರೆ. ಸಂಜೆ ಎರಡು ಬ್ಯಾಚು."

ಇಪ್ಪತ್ತು ಜೊತೆ ಚಪ್ಪಲಿ, ಅಷ್ಟೇ ಸೈಕಲ್ಲು ಓನರ ಕಣ್ಣಮುಂದೆ ಬಂದು ನಿಂತದ್ದು ನನಗೂ ಕಂಡಿತು. ಫೋನ್ ಮಾಡಿ ತಿಳಿಸುತ್ತೇವೆ ಎಂದರು. ನಾವು ಗೇಟು ದಾಟುವಾಗ ಆ ಹುಡುಗಿ ನೋಟ್‌ಬುಕ್ ಹಿಡಿದು ಓಡಿ ಬಂದಳು. "ಆಂಟಿ, ಮುಂದಿಂದೂ ಬರ್ತಿಲ್ಲ." ಮಿಸ್ ಕಾಂಪೌಂಡಿನ ಮೇಲೆ ನೋಟ್‌ಬುಕ್ ಇಟ್ಟು ಅದನ್ನೂ ಹೇಳಿಕೊಟ್ಟರು. ನಾನು ಹೊಟ್ಟೆ ಹಿಡಿದುಕೊಂಡು ಆ ಕಾಂಪೌಂಡಿಗೆ ಒರಗಿ ನಿಂತು ಮನಸ್ಸಿನಲ್ಲೇ ಹಲ್ಲು ಕಡಿದೆ. ಆಟೋದಲ್ಲಿ ಇಬ್ಬರಿಗೂ ನಗು ಬಂತು. ನಗುವಿನ ನಡುವೆ ಮಿಸ್ ಕಣ್ಣೊರೆಸಿಕೊಂಡರು.

ಸುಬ್ರಹ್ಮಣ್ಯಪುರದಲ್ಲಿ ಅಡ್ಡಿಯಾದದ್ದು ನಾನು. ಓನರು ನನ್ನ ಹೊಟ್ಟೆ ನೋಡಿ, "ಮಗು ರಾತ್ರಿಯೆಲ್ಲ ಅತ್ರೆ ನಮಗೆ ನಿದ್ದೆ ಆಗಲ್ಲ ನೋಡಿ" ಎಂದರು. ಅಷ್ಟು ದಿನ ತಮ್ಮ ಪರವಾಗಿ ಒಂದು ಮಾತೂ ಆಡದಿದ್ದ ಮಿಸ್ ತಟ್ಟನೆ ಮುಂದೆ ಬಂದರು. "ಮಗು ಅಳದೆ ಇನ್ನೇನ್ರೀ ಮಗ್ಗಿ ಹೇಳುತ್ತಾ? ಬಾ ಶಾಂತಾ." ಅದುವರೆಗೂ ನನ್ನನ್ನು ಬನ್ನಿ, ಹೋಗಿ ಎನ್ನುತ್ತಿದ್ದವರು ಅಂದು ಮೊದಲ ಸಲ ಬಾ ಎಂದದ್ದು. ಇಬ್ಬರೂ ಅದನ್ನು ಗಮನಿಸದವರಂತೆ ನಡೆದೆವು.

ದಿನಗಳು ಹತ್ತಿರವಾಗುತ್ತಿದ್ದವು. ಕಾಲು ಊದಿಕೊಳ್ಳುತ್ತಿತ್ತು. ಅತ್ತೆ ದಿನಾ ಲಿಂಗಪೂಜೆಗೆ ಕೂತಾಗ ಕಣ್ಣು ಮುಚ್ಚಿ ಹೆಚ್ಚು ಹೊತ್ತು ಇರತೊಡಗಿದರು. ಮೈಸೂರಿನ ಅಣ್ಣ ಫೋನ್ ಮಾಡಿ, "ಹಟ ಬಿಡು, ಬಂದ್ಬಿಡು" ಎಂದರಂತೆ. ಮಿಸ್ ಅದನ್ನು ಹೇಳಿದ ರೀತಿಯಿಂದಲೇ ಅವರ ಹಟ ಅರ್ಧ ಸಡಿಲವಾಗಿದೆ ಎಂದು ನನಗೆ ತಿಳಿಯಿತು. ಆಗ ನಮ್ಮ ಮನೆಯವರು ವಸಂತಪುರದ ಸುದ್ದಿ ತಂದರು. ಹೊಸ ಮನೆ, ಮೇಲೊಂದು ಕೆಳಗೊಂದು, ಎರಡೂ ಖಾಲಿ. ದೂರ ಎಂದು ಯಾರೂ ಬರುತ್ತಿಲ್ಲವಂತೆ.

ಆ ಭಾನುವಾರ ಅತ್ತೆಯೂ ಹೊರಟರು. ಆಗಿನ ವಸಂತಪುರವನ್ನು ಈಗಿನವರು ಊಹಿಸಲಾರರು. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳಿರಲಿಲ್ಲ. ಮಣ್ಣಿನ ರಸ್ತೆ, ಎರಡೂ ಕಡೆ ಹುಲ್ಲು, ದೂರದಲ್ಲಿ ದೇವಸ್ಥಾನದ ಗುಡ್ಡ. ಆ ಬಯಲಿನ ನಡುವೆ ಹಸಿರು ಬಣ್ಣದ ಹೊಸ ಮನೆ, ಅದರ ಪಕ್ಕದಲ್ಲಿ ಓನರ ಸ್ವಂತ ಮನೆ. ಓನರು ರುದ್ರಪ್ಪನವರು, ಕನಕಪುರ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಮೂಲ ಚಿತ್ರದುರ್ಗದ ಕಡೆಯವರು. ಹಣೆಯ ಮೇಲೆ ವಿಭೂತಿ ಕಂಡದ್ದೇ ಅತ್ತೆ ನನ್ನ ಕೈ ಹಿಸುಕಿ, "ಆತು, ಮನಿ ಸಿಕ್ತು" ಎಂದು ಪಿಸುಗುಟ್ಟಿದರು. ಅಷ್ಟು ಸುಲಭವಿರಲಿಲ್ಲ.

"ನೀವೆಲ್ಲ ಒಬ್ಬರಿಗೊಬ್ಬರು ಏನಾಗ್ಬೇಕು?" ಎಂದರು ರುದ್ರಪ್ಪ.

ಮಿಸ್ ಅಭ್ಯಾಸ ಬಲದಿಂದ, "ಇವರು ನಮ್ಮ ಬಾಡಿಗೆಯವರು" ಎಂದುಬಿಟ್ಟರು.

ರುದ್ರಪ್ಪ ಗಲಿಬಿಲಿಗೊಂಡರು. "ನೀವೇ ಬಾಡಿಗೆಗೆ ಬಂದಿದೀರಿ. ಇವರು ನಿಮ್ಮ ಬಾಡಿಗೆಯವ್ರಾ?"

"ಒಂದ ಮನಿಯವರು ಅಂತ ತಿಳ್ಕೋರಿ" ಎಂದರು ಅತ್ತೆ. ನಾನು ಮಿಸ್‌ಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ, ಕೇಳಿದ್ದಕ್ಕಷ್ಟೇ ಎಂದು. ಮಿಸ್ ನನ್ನ ಕಡೆ ನೋಡಿದರು. ಆಮೇಲೆ ಕೈಕಟ್ಟಿ ನೆಟ್ಟಗೆ ನಿಂತರು. ಅವರು ತರಗತಿಯಲ್ಲಿ ನಿಲ್ಲುವುದೇ ಹಾಗೆ. ಇನ್ನು ತಡೆದು ಪ್ರಯೋಜನವಿಲ್ಲ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಸಾರ್, ಮೊದಲೇ ಎಲ್ಲ ಹೇಳ್ಬಿಡ್ತೀನಿ. ನಂಗೆ ಮದುವೆ ಆಗಿಲ್ಲ, ಒಬ್ಳೇ ಇರ್ತೀನಿ. ಟ್ಯೂಷನ್ ಮಾಡ್ತೀನಿ, ಮಕ್ಕಳು ಬರ್ತಾರೆ, ಮಗ್ಗಿ ಜೋರಾಗೇ ಹೇಳಿಸ್ತೀನಿ. ಒಂದು ಗೋಡೆಗೆ ಕಪ್ಪು ಬಣ್ಣ ಹೊಡೀಬೇಕು. ಇವರಿಗೆ ಇನ್ನೆರಡು ತಿಂಗಳಲ್ಲಿ ಮಗು ಆಗುತ್ತೆ, ಅಳುತ್ತೆ. ಇವರತ್ತೆ ರೊಟ್ಟಿ ಬಡೀತಾರೆ. ಕೆಳಗೆ ಫ್ಯಾನ್ ಅಲ್ಲಾಡುತ್ತೆ. ಇದಕ್ಕೆಲ್ಲ ಒಪ್ಪಿಗೆ ಇದ್ರೆ ಹೇಳಿ. ಇಲ್ದಿದ್ರೆ ನಾವು ಹೊರಡ್ತೀವಿ, ಇವರಿಗೆ ಹೆಚ್ಚು ನಿಲ್ಲೋಕಾಗಲ್ಲ."

ರುದ್ರಪ್ಪನವರು ತಮ್ಮ ಮನೆಯ ಕಡೆ ತಿರುಗಿ, "ಗಿರಿಜಾ, ಬಾ ಇಲ್ಲಿ" ಎಂದು ಕೂಗಿದರು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಇವರು ಹೇಳೋದು ಕೇಳು. ಮೇಡಂ, ಇನ್ನೊಂದ್ಸಲ ಹೇಳಿ."

ಮಿಸ್ ಅದೇ ಕ್ರಮದಲ್ಲಿ, ಒಂದೂ ಬಿಡದೆ, ಇನ್ನೊಂದು ಸಲ ಹೇಳಿದರು. ಗಿರಿಜಮ್ಮನವರ ಮುಖ ಅರಳುತ್ತ ಹೋಯಿತು. "ಮಕ್ಕಳು ದಿನಾ ಬರ್ತಾರಾ?"

"ಭಾನುವಾರ ಬಿಟ್ಟು ದಿನಾ."

"ರೊಟ್ಟಿ ಬೆಳಿಗ್ಗೆನೂ ಬಡೀತೀರಾ?" ಎಂದು ಅತ್ತೆಯನ್ನು ಕೇಳಿದರು.

"ಎರಡೂ ಹೊತ್ತು ಬಡೀತೇನವ್ವಾ."

ಗಿರಿಜಮ್ಮ ಗಂಡನ ಕಡೆ ನೋಡಿದರು. ಆಮೇಲೆ ನಮಗೆ ಹೇಳಿದರು. "ಇವ್ರು ಬೆಳಿಗ್ಗೆ ಅಂಗಡಿಗೆ ಹೋದ್ರೆ ರಾತ್ರೀನೇ ಬರೋದು. ಸುತ್ತ ಒಂದ್ ಮನೆ ಇಲ್ಲ, 'ಅಮ್ಮ' ಅನ್ನೋ ದನಿ ಇಲ್ಲ. ಗಾಳಿಗೆ ಬಾಗಿಲು ಬಡ್ಕೊಂಡ್ರೂ ಎದೆ ಹೊಡ್ಕೊಳ್ಳುತ್ತೆ. ಊರಿಗೇ ಹೋಗ್ಬಿಡೋಣ ಅಂತ ದಿನಾ ಜಗಳ ಆಡ್ತೀನಿ. ನೀವು ಎಷ್ಟ್ ಬೇಕಾದ್ರೂ ಸದ್ದು ಮಾಡಿ. ನಾಳೇನೇ ಬನ್ನಿ."

ಬಣ್ಣದ ಡಬ್ಬಿ ಅಂಗಡಿಯಿಂದ ತಾವೇ ತರುತ್ತೇನೆ ಎಂದರು ರುದ್ರಪ್ಪ. ಮಿಸ್ ಹೊಸ ಮನೆಯ ಜಗುಲಿಯ ಮೇಲೆ ಕೂತುಬಿಟ್ಟರು. ಬಸುರಿ ಮನೆ ಬದಲಿಸಬಾರದೆಂಬ ಅತ್ತೆಯ ನಿಯಮ ಏನಾಯಿತು ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಮ್ಯಾಲಿನವರು ಮ್ಯಾಲ, ಕೆಳಗಿನವರು ಕೆಳಗ. ಬದಲಾಗಿದ್ದು ಏನೈತಿ?" ಎಂದರು.

ಒಂದೇ ಲಾರಿಯಲ್ಲಿ ಎರಡೂ ಮನೆಯ ಸಾಮಾನು ಬಂತು. ಹೊರಡುವ ಮುಂಚೆ ಮಿಸ್ ಪದ್ಮನಾಭನಗರದ ಮನೆಯನ್ನು ಗುಡಿಸಿ, ಒರೆಸಿ, ಕಪ್ಪು ಗೋಡೆಯ ಮೇಲಿದ್ದ ಕೊನೆಯ ಲೆಕ್ಕವನ್ನು ಒದ್ದೆ ಬಟ್ಟೆಯಿಂದ ಅಳಿಸಿ, ಕೀಲಿಕೈಯನ್ನು ಹೊಸಬರ ಕೈಗಿಟ್ಟು ಆಟೋ ಹತ್ತಿದರು. ನಾನು ಅವರು ಅಳುತ್ತಾರೆಂದು ಕರ್ಚೀಫು ಸಿದ್ಧವಾಗಿಟ್ಟುಕೊಂಡಿದ್ದೆ. ಕೊನೆಗೆ ಅದು ನನಗೇ ಬೇಕಾಯಿತು. ಹೊಸ ಮನೆಯಲ್ಲಿ ಒಂದು ವಾರ ಅವರು ಓನರಾಗಿಯೇ ಇದ್ದರು. "ಶಾಂತಾ, ಮೋಟರ್ ಆಫ್ ಮಾಡ್ತೀನಿ, ನೀರು ಹಿಡ್ಕೊಂಡ್ರಾ?" ಎಂದು ಕೂಗಿ, ಮೋಟರಿನ ಸ್ವಿಚ್ಚು ರುದ್ರಪ್ಪನವರ ಮನೆಯಲ್ಲಿದೆಯೆಂದು ಆಮೇಲೆ ನೆನಪಾಗಿ ಸುಮ್ಮನಾಗುತ್ತಿದ್ದರು.

ಆ ಮನೆಯಲ್ಲಿ ನಾವು ಬಹಳ ವರ್ಷ ಇದ್ದೆವು. ನನ್ನ ಮಗಳು ಅಲ್ಲೇ ಹುಟ್ಟಿ, ಅಳುವುದನ್ನು ಕಲಿತಷ್ಟೇ ಬೇಗ ಮಗ್ಗಿಯನ್ನೂ ಕಲಿತಳು. ಸುತ್ತ ಮನೆಗಳೆದ್ದವು, ರಸ್ತೆಗೆ ಟಾರು ಬಂತು. ಆದರೆ ಇದನ್ನೆಲ್ಲ ನೆನೆದಾಗ ನನಗೆ ಮೊದಲು ಕಣ್ಣಮುಂದೆ ಬರುವುದು ಅಲ್ಲಿ ಟ್ಯೂಷನ್ ಶುರುವಾಗಬೇಕಿದ್ದ ಮೊದಲ ಸೋಮವಾರ.

ಪದ್ಮನಾಭನಗರದ ತಾಯಂದಿರು ಯಾರೂ ಬರುತ್ತೇವೆ ಎಂದು ಗಟ್ಟಿಯಾಗಿ ಹೇಳಿರಲಿಲ್ಲ. "ದೂರ ಆಗುತ್ತೆ ಮಿಸ್, ನೋಡೋಣ" ಎಂದಿದ್ದರು. ಮಿಸ್ ಮಧ್ಯಾಹ್ನವೇ ಚಾಪೆ ಹಾಸಿ, ಹೊಸ ಕಪ್ಪು ಗೋಡೆಯ ಮೇಲೆ ದುಂಡಗೆ ಅಕ್ಷರ ಬರೆದು ಕಾದರು. ಮಾಮೂಲಿ ಹೊತ್ತು ಬಂತು. ಯಾರೂ ಬರಲಿಲ್ಲ. ರಸ್ತೆಯಲ್ಲಿ ಒಂದು ಎಮ್ಮೆ ಹೋಯಿತು. ಮಿಸ್ ಸೀಮೆಸುಣ್ಣ ಮುರಿದು ಎರಡು ಮಾಡಿದರು, ನಾಲ್ಕು ಮಾಡಿದರು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ನನಗೆ ತಡೆಯಲಾಗಲಿಲ್ಲ. ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಇಳಿದು ಹೋಗಿ ಮೊದಲ ಚಾಪೆಯ ಮೇಲೆ, ಗೋಡೆ ಹಿಡಿದು, ಕೂತೆ.

"ಏನು?" ಎಂದರು ಮಿಸ್.

"ನನಗ ಕಲಿಸ್ರಿ. ನಾನು ಲೆಕ್ಕದಾಗ ದಡ್ಡಿ."

"ಭಾಗಾಕಾರ ಬರುತ್ತಾ?"

"ಸಣ್ಣದು ಬರ್ತದ."

ಅವರು ಸ್ಲೇಟಿನ ಮೇಲೆ ಒಂದು ದೊಡ್ಡದನ್ನು ಬರೆದು ಕೊಟ್ಟರು. ನಾನು ಕೈಬೆರಳು ಮಡಚುತ್ತ ಶುರು ಮಾಡಿದೆ. ಗಿರಿಜಮ್ಮನವರೂ ಬಂದು ಬಾಗಿಲ ಹತ್ತಿರ ಕೂತರು. ನಾನು ಎರಡನೆಯ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಾಗ ದೂರದಿಂದ ಒಂದು ಆಟೋದ ಸದ್ದು ಬಂತು. ಹೋಯಿತು. ಮತ್ತೆ ತಿರುಗಿ ಬಂತು. ಗೇಟಿನ ಮುಂದೆ ನಿಂತ ಆಟೋದಿಂದ ಮೊದಲು ಚೀಲಗಳು ಇಳಿದವು, ಆಮೇಲೆ ಮಕ್ಕಳು. ಒಬ್ಬರ ತೊಡೆಯ ಮೇಲೊಬ್ಬರು ಕೂತು, ಡ್ರೈವರಿನ ಎರಡೂ ಪಕ್ಕ ತೂರಿಕೊಂಡು, ಅದೆಷ್ಟು ಮಕ್ಕಳು ಬಂದಿದ್ದರೋ. ಕೊನೆಯಲ್ಲಿ ಇಳಿದ ಒಬ್ಬ ತಾಯಿ ಏದುಸಿರು ಬಿಡುತ್ತ, "ಸಾರಿ ಮಿಸ್, ಎಲ್ಲರೂ ಸೇರಿ ಆಟೋ ಗೊತ್ತು ಮಾಡಿದ್ವಿ. ದಾರಿ ತಪ್ಪಿ ಗುಡ್ಡದ ಹತ್ರ ಹೋಗ್ಬಿಟ್ವಿ. ಇನ್ನರ್ಧ ಮಕ್ಕಳನ್ನ ಎರಡನೇ ಟ್ರಿಪ್‌ನಲ್ಲಿ ಕರ್ಕೊಂಡ್ ಬರ್ತಾರೆ" ಎಂದರು.

ಮಿಸ್ ಗೋಡೆಯ ಕಡೆ ತಿರುಗಿಕೊಂಡರು. ಏನನ್ನೋ ಅಳಿಸುವವರಂತೆ ಒಂದು ಖಾಲಿ ಮೂಲೆಯ ಮೇಲೆ ಕೈಯಾಡಿಸಿದರು, ಅಲ್ಲಿ ಅಳಿಸುವಂಥದ್ದು ಏನೂ ಇರಲಿಲ್ಲ. ತಿರುಗಿದಾಗ ದನಿ ಎಂದಿನಂತೆಯೇ ಇತ್ತು. "ಲೇಟಾಗಿದೆ. ಚಪ್ಪಲಿ ಸಾಲಾಗಿ ಬಿಡಿ. ಪುಸ್ತಕ ತೆಗೀರಿ."

ನಾನು ಮಕ್ಕಳಿಗೆ ಜಾಗ ಬಿಡೋಣವೆಂದು ನೆಲಕ್ಕೆ ಕೈಯೂರಿ ಏಳಹೋದೆ.

"ನೀನೆಲ್ಲಿ ಹೊರಟೆ? ಲೆಕ್ಕ ಮುಗಿಸು."

ಕೂತೆ. ಪಕ್ಕಕ್ಕೆ ಬಂದು ಕೂತ ಎರಡು ಜಡೆಯ ಹುಡುಗಿ ನನ್ನ ಸ್ಲೇಟಿನೊಳಗೆ ಇಣುಕಿ, "ಆಂಟಿ, ಏಳನ್ನ ಕೆಳಗೆ ಇಳಿಸ್ಕೊಳ್ಳೋದು ಮರೆತಿದೀರಾ" ಎಂದು ಪಿಸುಗುಟ್ಟಿದಳು. ಇಳಿಸಿಕೊಂಡೆ. ಭಾಗಿಸಿದೆ. ಶೇಷ ಏನೂ ಉಳಿಯಲಿಲ್ಲ.